ಐದನೇ ಪಾಯಿಂಟು

ರಾತ್ರಿ ಎರಡೂ ಹತ್ತು. ಬೈಕು ನಿಲ್ಲುವ ಮೊದಲೇ
ನಾಯಿಗಳಿಗೆ ಗೊತ್ತು, ಬಂದದ್ದು ಯಮನೂರಪ್ಪ,
ಬೊಗಳಿ ಪ್ರಯೋಜನವಿಲ್ಲ.
ಹೊಯಿಗೆ ಬಜಾರಿನ ಐಸ್ ಫ್ಯಾಕ್ಟರಿಯ ಗೇಟಿಗೆ
ತಂತಿಯಲ್ಲಿ ಬಿಗಿದ ತಗಡಿನ ಡಬ್ಬಿ,
ಒಳಗೆ ನೂರು ಪುಟದ ಬೀಟ್ ಪುಸ್ತಕ.
ಉಪ್ಪುಗಾಳಿಗೆ ಹಾಳೆಗಳು ಥಂಡಿ ಹಿಡಿದ ಹಪ್ಪಳ.
ಪೆನ್ನಿಟ್ಟಲ್ಲೆಲ್ಲ ಶಾಯಿ ಹರಡಿ
ನನ್ನ ಸಹಿಗೆ ದಿನಕ್ಕೊಂದು ಕಾಲು ಹೆಚ್ಚು.

ಕುಷ್ಟಗಿಯಿಂದ ಬಂದು ನಾಲ್ಕು ವರ್ಷ.
ಮೊದಲ ವಾರ ಮನೆಮನೆಯ ಮುಂದೆ ನಿಂತು ಕೇಳಿದ್ದೆ:
ಏನಾರ ತೊಂದ್ರಿ ಐತೇನ್ರಿ?
ಸೆವ್ರಿನ್ ಬಾಯಿ ಅರ್ಧ ತೆರೆದ ಬಾಗಿಲಿನಿಂದ,
ಬಲೆ ಹೊಲಿಯುತ್ತಿದ್ದ ಲೋಕಯ್ಯ ಪುತ್ರನ್ ತಲೆಯೆತ್ತದೆ,
ಚಾದಂಗಡಿಯ ಇದಿನಬ್ಬ ಗ್ಲಾಸು ತೊಳೆಯುತ್ತ,
ಎಲ್ಲರದೂ ಒಂದೇ ಮಾತು: ದಾಲ ಇಜ್ಜಿ.

ಠಾಣೆಗೆ ಬಂದು ರೈಟರ್ ಪದ್ಮಲತಾ ಮೇಡಂಗೆ ಹೇಳಿದೆ,
ಯಾರೋ ದಾಲ ಇಜ್ಜಿ ಅನ್ನೋನು ಅದಾನ್ರಿ ಮೇಡಂ,
ಎಲ್ಲರೂ ಅವನ ಹೆಸರೇ ಹೇಳ್ತಾರ.
ಲಾಕಪ್ಪಿನೊಳಗಿದ್ದವನೂ ನಕ್ಕ.
ಏನೂ ಇಲ್ಲ ಅಂತ ಅರ್ಥವಂತೆ.
ಬಾಗಿಲು ಹಾಕುವ ಸದ್ದಿಗೆ ತುಳುವಿನಲ್ಲಿ ಹಾಗನ್ನುತ್ತಾರೆ
ಅಂದುಕೊಂಡೆ.

ತಿಂಗಳ ಕೊನೆಯ ಭಾನುವಾರ ಬೀಟ್ ಸಭೆ.
ಇಪ್ಪತ್ತು ಕುರ್ಚಿ, ಐದು ಜನ,
ಅದರಲ್ಲೊಬ್ಬ ಕುರ್ಚಿ ಬಾಡಿಗೆಯವನು.
ಓಟಿಪಿ ಯಾರಿಗೂ ಹೇಳಬೇಡಿ ಎಂಬ ಕರಪತ್ರ ಹಂಚಿದೆ.
ಮರುದಿನ ಇದಿನಬ್ಬ ಅದರಲ್ಲೇ
ನೀರುಳ್ಳಿ ಬಜೆ ಕಟ್ಟಿಕೊಟ್ಟ. ನನಗೇ.

ಅದೇ ಎಣ್ಣೆಯ ಕಾಗದ ಹಿಡಿದು ಬರುತ್ತಿದ್ದೆ,
ಸೆವ್ರಿನ್ ಬಾಯಿ ಬಾಗಿಲಲ್ಲಿ ಬಂದು ಪಿಸುಗುಟ್ಟಿದಳು:
ನೀವು ನಿಜವಾದ ಪೊಲೀಸಾ?
ಒಳಗೆ ಆಲ್ತಾರಿನ ಮೇಲೆ, ಮೇಣದಬತ್ತಿಗೆ ಒರಗಿಸಿದ ಫೋನು.
ಫೋನಿನಲ್ಲಿ ಮೂರು ನಕ್ಷತ್ರದ ಸಾಹೇಬ,
ಎರಡು ದಿನದಿಂದ ಆಕೆಯನ್ನು ಕುರ್ಚಿಯಿಂದ ಏಳಲು ಬಿಟ್ಟಿಲ್ಲ.
ಗಂಜಿಯೂ ಅವನ ಕಣ್ಣೆದುರೇ ಉಣ್ಣಬೇಕಂತೆ.
ನಾನು ಮುಖ ತೋರಿಸಿದೆ.
ಒಂದು ಗಳಿಗೆ ಇಬ್ಬರೂ ನೋಡಿಕೊಂಡೆವು,
ಇಸ್ತ್ರಿ ಅವನದೇ ಚೆನ್ನಾಗಿತ್ತು.
ಸೆಲ್ಯೂಟ್ ಹೊಡೆಯಲು ಕೈ ತುಸು ಎದ್ದದ್ದು
ಯಾವ ವರದಿಯಲ್ಲೂ ನಾನು ಬರೆದಿಲ್ಲ.
ಕರೆ ಕಡಿಯಿತು. ದುಡ್ಡು ಉಳಿಯಿತು.
ಬಾಯಿ ಕುರ್ಚಿಯಿಂದ ಅಲ್ಲ, ನೆಲದಿಂದ ಎದ್ದಂತೆ ಎದ್ದು
ನನಗೊಂದು ಲೋಟ ಬೆಲ್ಲದ ಕಾಫಿ ತಂದಳು.

ಆಮೇಲೆ ಬಾಗಿಲುಗಳು ಒಂದೊಂದಾಗಿ ತೆರೆದವು
ಎಂದು ಬರೆದರೆ ಸುಳ್ಳು.
ಕೆಲವು ತೆರೆದವು.

ಹೋದ ತಿಂಗಳು ಯಾರೋ ದೊಡ್ಡವರು ಬಂದಿಳಿದ ರಾತ್ರಿ
ಠಾಣೆಗೆ ಠಾಣೆಯೇ ಬಜ್ಪೆಯಲ್ಲಿ, ಹಗ್ಗ ಹಿಡಿದು.
ನನ್ನ ಬೀಟು ಖಾಲಿ.
ಬೆಳಿಗ್ಗೆ ಪುಸ್ತಕ ತೆಗೆದರೆ ಐದನೇ ಪಾಯಿಂಟಿನಲ್ಲಿ,
ಎರಡೂ ಹತ್ತರ ಎದುರಿಗೆ,
ಬಲೆಯ ಕಣ್ಣಿನಂಥ ಗುಂಡು ಗುಂಡು ಅಕ್ಷರ:
ದಾಲ ಇಜ್ಜಿ. ಮೂಲೆಯ ಲೈಟ್ ಮಾತ್ರ ಹೋಗಿದೆ.

ಲೋಕಯ್ಯ ಈ ಸಲವೂ ತಲೆಯೆತ್ತಲಿಲ್ಲ.
ನಾಯಿಗಳು ಮಾರಾಯ್ರೆ, ನಿಮ್ಮ ಬೈಕು ಬರಲಿಲ್ಲ ಅಂತ
ಮಲಗಲಿಕ್ಕೇ ಬಿಡಲಿಲ್ಲ.
ಮತ್ತೆ ನಾನೇ ಒಂದು ರೌಂಡ್ ಹೋಗಿ ಬಂದೆ.

ಮೆಮೊ ಬಂದಿದೆ: ಇಲಾಖೆಯ ದಾಖಲೆಯಲ್ಲಿ
ಹೊರಗಿನವರ ಬರಹ ಹೇಗೆ ಬಂತು, ಸಮಜಾಯಿಷಿ ಕೊಡಿ.
ಹೊರಗಿನವರು ಯಾರೆಂದು
ನಾಲ್ಕು ವರ್ಷದಿಂದ ನಾನೂ ಯೋಚಿಸುತ್ತಿದ್ದೇನೆ.
ಮೆಮೊ ಜೇಬಿನಲ್ಲಿದೆ, ಬೆವರಿಗೆ ಮೆತ್ತಗಾಗಿದೆ.

ಎರಡೂ ಹತ್ತು. ಸಹಿ ಹಾಕುತ್ತೇನೆ, ಟಾರ್ಚನ್ನು ಹಲ್ಲಲ್ಲಿ ಕಚ್ಚಿ.
ಆ ಮೂಲೆಯ ಲೈಟು ಇನ್ನೂ ಉರಿದಿಲ್ಲ.
ಪಾಲಿಕೆಗೆ ಮೂರನೇ ಸಲ ಬರೆಯಬೇಕು.